ಮಾಲ್ಗುಡಿಯಲ್ಲಿ ಎಷ್ಟು ಮಂದಿ ಸ್ಯಾಮುಯೆಲ್?

ಟಿವಿ ಧಾರಾವಾಹಿಯ ಒಂದು ಕಂತಿಗೆ ಹೆಸರಿಡುವುದು, ಹಿಂದಿನ ಕಂತಿಗೂ ಮುಂದಿನ ಕಂತಿಗೂ ಕೊಂಡಿ ಹಾಕುವುದು ಸುಲಭದ ಕೆಲಸವೆಂದು ತಿಳಿದವರು ಅಮೆರಿಕದ 'ಸ್ಟಾರ್ ಟ್ರೆಕ್' ಪಟ್ಟ ಪಾಡು ಕೇಳಬೇಕು. 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಬಂದ ಈ ಅಂತರಿಕ್ಷ ಧಾರಾವಾಹಿಯ ಮೊಟ್ಟಮೊದಲ ಕಂತಿನ ಚಿತ್ರೀಕರಣ ನಡೆದದ್ದು 1964ರಲ್ಲಿ. ಹೆಸರು 'ದಿ ಕೇಜ್', ಅಂದರೆ ಪಂಜರ. ಎನ್‌ಬಿಸಿ ಸಂಸ್ಥೆ ಅದನ್ನು ಒಪ್ಪಲಿಲ್ಲ. 1966ರಲ್ಲಿ ಬೇರೆ ನಾಯಕನೊಡನೆ ಧಾರಾವಾಹಿ ಶುರುವಾಯಿತು. ತಿರಸ್ಕೃತವಾದ ಚಿತ್ರವನ್ನು ಕತ್ತರಿಸಿ, 'ದಿ ಮೆನಾಜರಿ' ಎಂಬ ಹೊಸ ಕಥೆಯ ಎರಡು ಕಂತುಗಳೊಳಗೆ ಹಳೆಯ ನೆನಪಾಗಿ ಸೇರಿಸಿದರು. ಇಡೀ 'ಪಂಜರ' ಟಿವಿಯಲ್ಲಿ ಕಾಣಿಸಿದ್ದು 1988ರಲ್ಲಿ! ಭಾವನೆಯನ್ನೇ ತೋರದವನೆಂದು ಹೆಸರಾದ ಸ್ಪಾಕ್ ಅದರಲ್ಲಿ ಬಾಯ್ತುಂಬ ನಗುತ್ತಾನೆ. ಹಾಗಾದರೆ ಮೊದಲ ಕಂತು ಯಾವುದು, ನಿಜವಾದ ಸ್ಪಾಕ್ ಯಾರು?

ಇಂಥ ಪ್ರಶ್ನೆ ಕೇಳಲು ಅಂತರಿಕ್ಷಕ್ಕೇ ಹಾರಬೇಕಿಲ್ಲ. ಆಗುಂಬೆಯವರೆಗೆ ಹೋದರೆ ಸಾಕು. ಅಲ್ಲಿ ಶಂಕರ್‌ನಾಗ್ ಚಿತ್ರಿಸಿದ 'ಮಾಲ್ಗುಡಿ ಡೇಸ್' 1986ರಲ್ಲಿ ದೂರದರ್ಶನಕ್ಕೆ ಬಂತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಎಲ್. ವೈದ್ಯನಾಥನ್ ಅವರ ರಾಗ ಕೇಳಿದರೆ ಇಂದಿಗೂ ಅನೇಕರ ಕಣ್ಣ ಮುಂದೆ ಬರುವವನು ಸ್ವಾಮಿಯೇ.

ಆದರೆ ಧಾರಾವಾಹಿ ನೋಡಿ ಮೆಚ್ಚಿದವರು 'ಮಾಲ್ಗುಡಿ ಡೇಸ್' ಪುಸ್ತಕ ಕೊಂಡು ಓದಿದರೆ ಒಂದು ನಿರಾಸೆ ಕಾದಿರುತ್ತದೆ. ಅದರಲ್ಲಿ ಸ್ವಾಮಿಯ ಕ್ರಿಕೆಟ್ ತಂಡವಿಲ್ಲ, ಗೆಳೆಯ ರಾಜಂ ಊರು ಬಿಟ್ಟುಹೋಗುವ ಪ್ರಸಂಗವೂ ಇಲ್ಲ. ಅವೆಲ್ಲ 1935ರಲ್ಲಿ ಬಂದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯವು. 'ಮಾಲ್ಗುಡಿ ಡೇಸ್' ಎಂಬುದು 1943ರಲ್ಲಿ ಮೊದಲು ಪ್ರಕಟವಾದ ಕಥಾಸಂಕಲನ. 1982ರಲ್ಲಿ ಅದೇ ಹೆಸರಿನಲ್ಲಿ 32 ಕಥೆಗಳ ಬೇರೊಂದು ಸಂಕಲನ ಬಂತು. ಧಾರಾವಾಹಿಯಲ್ಲಿ ಅನಂತನಾಗ್ ಅಭಿನಯಿಸಿದ ಮಿಠಾಯಿ ವ್ಯಾಪಾರಿ ಜಗನ್ ಬಂದದ್ದು 1967ರ ಮತ್ತೊಂದು ಕಾದಂಬರಿಯಿಂದ. ಅಂದರೆ ಬೇರೆ ಬೇರೆ ಪುಸ್ತಕಗಳ ಮೇಲೆ ಟಿವಿಯವರು ಒಂದೇ ಹೆಸರಿನ ಕೊಡೆ ಹಿಡಿದರು. ಕೊಡೆ ಚೆನ್ನಾಗಿತ್ತು ಎನ್ನೋಣ. ಆದರೆ ಅದರ ನೆರಳಿನಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಎಂಬ ಹೆಸರೇ ಬಹಳ ಜನರಿಗೆ ಮರೆಯಾಯಿತು.

ಆ ಹೆಸರು ಕೂಡ ಆರ್.ಕೆ. ನಾರಾಯಣ್ ಇಟ್ಟದ್ದಲ್ಲ. ಅವರು ಹಸ್ತಪ್ರತಿಗೆ ಕೊಟ್ಟಿದ್ದ ಹೆಸರು 'ಸ್ವಾಮಿ, ದಿ ಟೇಟ್'. ಇಂಗ್ಲೆಂಡಿನಲ್ಲಿ ಅದಕ್ಕೆ ಪ್ರಕಾಶಕರನ್ನು ಹುಡುಕಿಕೊಟ್ಟ ಕಾದಂಬರಿಕಾರ ಗ್ರಹಾಂ ಗ್ರೀನ್ ಹೊಸ ಶೀರ್ಷಿಕೆ ಸೂಚಿಸಿದರು. ನಾರಾಯಣಸ್ವಾಮಿ ಎಂಬ ಲೇಖಕರ ಹೆಸರನ್ನು ನಾರಾಯಣ್ ಎಂದು ಮೊಟಕು ಮಾಡಿಸಿದವರೂ ಅವರೇ.

ಇನ್ನು ಕೊಂಡಿಯ ಮಾತು. 1982ರ ಸಂಕಲನದಲ್ಲಿ 'ಫಾದರ್ಸ್ ಹೆಲ್ಪ್' ಎಂಬ ಕಥೆಯಿದೆ. ಅದರಲ್ಲಿ ಸ್ವಾಮಿ ಇದ್ದಾನೆ. ಕಾದಂಬರಿಯಂತೆಯೇ ಸೋಮವಾರದ ಬೆಳಗ್ಗೆ ಕಥೆ ಶುರುವಾಗುತ್ತದೆ. ಹುಡುಗನಿಗೆ ಶಾಲೆ ಬೇಡ, ತಲೆನೋವಿನ ನೆಪ. ಸ್ಯಾಮುಯೆಲ್ ಮೇಷ್ಟ್ರು ಹೊಡೆಯುತ್ತಾರೆಂದು ತಂದೆಗೆ ದೂರು ಹೇಳುತ್ತಾನೆ. ಕಾದಂಬರಿಯಲ್ಲಾದರೋ ಸ್ಯಾಮುಯೆಲ್ ಎಂಬುವನು ಸ್ವಾಮಿಯ ಸಹಪಾಠಿ, 'ಬಟಾಣಿ' ಎಂಬ ಅಡ್ಡಹೆಸರಿನ ಪುಟ್ಟ ಹುಡುಗ. ಒಂದೇ ಊರು, ಒಂದೇ ಸ್ವಾಮಿ. ಸ್ಯಾಮುಯೆಲ್ ಮಾತ್ರ ಒಮ್ಮೆ ಬೆಂಚಿನ ಮೇಲೆ, ಒಮ್ಮೆ ಕೈಯಲ್ಲಿ ಬೆತ್ತ ಹಿಡಿದು. ನಾರಾಯಣ್ ಇದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ.

ಟಿವಿಯಲ್ಲಿ ಗೊಂದಲ ಇನ್ನೊಂದು ಬಗೆಯದು. ಈ ವಾರ ಒಂದು ಪಾತ್ರದಲ್ಲಿ ಕಂಡ ನಟ ಮುಂದೊಂದು ವಾರ ಅದೇ ಬೀದಿಯಲ್ಲಿ ಬೇರೆಯವನಾಗಿ ಬರುತ್ತಾನೆ. ಕಾನಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆ ಬಯಲಾಟ ನೋಡಿ ಬೆಳೆದವರಿಗೆ ಇದೇನೂ ವಿಚಿತ್ರವಲ್ಲ. ಈ ವರ್ಷ ಅಭಿಮನ್ಯು ಕಾಳಗ, ಮುಂದಿನ ವರ್ಷ ಅದಕ್ಕೂ ಹಿಂದೆ ನಡೆದ ದ್ರೌಪದಿ ವಸ್ತ್ರಾಪಹರಣ. ಹೋದ ಸಲ ಸತ್ತವನು ಈ ಸಲ ಗದೆ ಹಿಡಿದು ಕುಣಿಯುತ್ತಾನೆ. ಇದು ಹೇಗೆಂದು ಯಾರೂ ಭಾಗವತರನ್ನು ತಡೆದು ಕೇಳುವುದಿಲ್ಲ.

ಹೆಸರು, ಕಾಲಗಳ ವಿಷಯದಲ್ಲಿ ಇಷ್ಟು ಉದಾರಿಯಾದ ನಾರಾಯಣ್ ಒಂದು ವಿಷಯದಲ್ಲಿ ಮಾತ್ರ ಬಿಗಿ. ಅದು ಊರು. 1965ರ 'ಗೈಡ್' ಹಿಂದಿ ಚಿತ್ರಕ್ಕಾಗಿ ಮಾಲ್ಗುಡಿಯ ಕಥೆಯನ್ನು ರಾಜಸ್ಥಾನಕ್ಕೆ ಹೊತ್ತೊಯ್ದಾಗ ಅವರು ನೊಂದರು. 'ದಿ ಮಿಸ್‌ಗೈಡೆಡ್ ಗೈಡ್' ಎಂಬ ಲೇಖನವನ್ನೇ ಬರೆದರು. ಆಗುಂಬೆಯೂ ಪುಸ್ತಕದ ಮಾಲ್ಗುಡಿಗೆ ಪೂರ್ತಿ ಹೊಂದುವುದಿಲ್ಲ. ಸರಯೂ ನದಿಯ ಮರಳ ದಂಡೆಯಲ್ಲಿ ಸಂಜೆ ಕಳೆಯುವ ಊರಿಗೂ ವರ್ಷಕ್ಕೆ ಏಳೆಂಟು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಿಗೂ ಎಲ್ಲಿಯ ಹೋಲಿಕೆ? ಆದರೂ ಜಗುಲಿ, ಹೆಂಚಿನ ಮನೆ, ನಡುಬೀದಿಯ ಲಾಲಿ ಪ್ರತಿಮೆ, ಜೊತೆಗೆ ತಮ್ಮ ಆರ್.ಕೆ. ಲಕ್ಷ್ಮಣ್ ಬರೆದ ರೇಖಾಚಿತ್ರಗಳು ಇವೆಲ್ಲ ಕೂಡಿ ಊರು ಉಳಿದುಕೊಂಡಿತು. ಕಥೆಗೆ ನಿಷ್ಠವಾಗಿದೆಯೆಂದು ನಾರಾಯಣ್ ಈ ಧಾರಾವಾಹಿಯನ್ನು ಮೆಚ್ಚಿಕೊಂಡರು.

ಶಂಕರ್‌ನಾಗ್ 39 ಕಂತುಗಳನ್ನು ನಿರ್ದೇಶಿಸಿದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೆ ಬಲಿಯಾದಾಗ ಅವರಿಗೆ ಇನ್ನೂ 35 ವರ್ಷ. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದ 15 ಕಂತುಗಳು ಅದೇ ಹೆಸರಿನಲ್ಲಿ ಬಂದವು. ನಿರ್ದೇಶಕರು ಬೇರೆ, ಕಾಲ ಬೇರೆ. ಆದರೂ ನೋಡುಗರು ಅದನ್ನು ಮಾಲ್ಗುಡಿ ಎಂದೇ ಕರೆದರು.

ಈ ಊರಿನ ಹೆಸರು ನಾರಾಯಣ್‌ಗೆ ಹೊಳೆದದ್ದು 1930ರಲ್ಲಿ, ಬೆಂಗಳೂರಿನಲ್ಲಿ, ವಿಜಯದಶಮಿಯ ದಿನ. ಮೊದಲು ಕಂಡದ್ದು ಊರಲ್ಲ, ಬರೀ ಒಂದು ರೈಲು ನಿಲ್ದಾಣ. ಧಾರಾವಾಹಿಗಾಗಿ ಆ ನಿಲ್ದಾಣವಾಗಿ ನಿಂತದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು. ಅಲ್ಲಿನ ಹಳೆಯ ನಿಲ್ದಾಣದ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು.