ಬಕೆಟ್ಟಿನೊಳಗಿನ ನೀಲಗಿರಿ

ನಮ್ಮ ಪುಣೆಯ ಮನೆಯಲ್ಲಿ ಎರಡು ವರ್ಷದಿಂದ ಫಿನಾಯಿಲ್ ಇಲ್ಲ. ಅದರ ಘಾಟಿಗೆ ಮಗಳು ಸೀನುತ್ತಿದ್ದಳು. ಈಗ ಅಂಟುವಾಳದ ಕಾಯಿ ಕುದಿಸಿ ಸೋಸಿ, ಅದಕ್ಕೆ ಒಂದು ಚಮಚ ನೀಲಗಿರಿ ಎಣ್ಣೆ ಹಾಕಿ ಚೆನ್ನಾಗಿ ಕಲಕಿ, ಒಂದು ಬಕೆಟ್ ನೀರಿಗೆ ಸುರಿದು ನೆಲ ಒರೆಸುತ್ತೇವೆ. ಹೋದ ಮಳೆಗಾಲದಲ್ಲಿ ಮಾಲೂರಿನಿಂದ ಬಂದಿದ್ದ ಅಮ್ಮ, ನಾನು ಒರೆಸುವಾಗ ಸೋಫಾದ ಮೇಲೆ ಕಾಲೆತ್ತಿ ಕೂತವಳು, "ಏನೋ ಇದು, ನಮ್ಮ ತೋಪಿನ ವಾಸನೆ!" ಅಂದಳು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವಳು ಸುಮ್ಮನಾದದ್ದಕ್ಕೆ ಕಾರಣ ನನಗೆ ಗೊತ್ತಿತ್ತು. ಆ ಕಾರಣದ ಜಾಡು ಹಿಡಿದು ಹೊರಟವನಿಗೆ ಸಿಕ್ಕಿದ್ದು ಈ ಎಣ್ಣೆಯ ಚರಿತ್ರೆ.

ನೀಲಗಿರಿ ಮರ ನೀಲಗಿರಿಯದಲ್ಲ. ಬೆಟ್ಟಕ್ಕೆ ಆ ಹೆಸರು ಬಹಳ ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಆ ಬೆಟ್ಟವನ್ನು ಗೆದ್ದ ಸಂಗತಿ ಚಾಮರಾಜನಗರದ 1117ರ ಶಾಸನದಲ್ಲಿದೆ. ಅಲ್ಲಿಗೆ ಮರ ಬಂದದ್ದು ಅದಾಗಿ ಏಳು ಶತಮಾನ ಕಳೆದ ಮೇಲೆ, 1843ರಲ್ಲಿ, ಆಸ್ಟ್ರೇಲಿಯಾದಿಂದ. ಊಟಿಯ ಚಳಿಗೆ ಬ್ರಿಟಿಷರ ಬಂಗಲೆಗಳಿಗೆ ಸೌದೆ ಬೇಕಿತ್ತು. ಶೋಲಾ ಕಾಡು ನಿಧಾನವಾಗಿ ಬೆಳೆಯುವಂಥದ್ದು, ಕಡಿದಷ್ಟು ಬೇಗ ಚಿಗುರುವುದಿಲ್ಲ. ಹಾಗಾಗಿ 1856ರಿಂದ ಯೂಕಲಿಪ್ಟಸ್ ಗ್ಲಾಬ್ಯುಲಸ್ ಎಂಬ ಜಾತಿಯನ್ನು ಕ್ರಮವಾಗಿ ನೆಡತೊಡಗಿದರು. ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲಿನ ಎಷ್ಟೋ ಭಾಗ ಕಾಲಕ್ರಮದಲ್ಲಿ ನೆಡುತೋಪುಗಳ ಪಾಲಾಯಿತು. ನಾವು ಕನ್ನಡಿಗರು ಬಂದ ಮರಕ್ಕೆ ಬೆಟ್ಟದ ಹೆಸರನ್ನೇ ಇಟ್ಟು, ಅದು ಅಲ್ಲಿಯದೇ ಎಂದು ನಂಬಿಬಿಟ್ಟೆವು.

ಎಣ್ಣೆಯ ಕಥೆಯೂ ಆಸ್ಟ್ರೇಲಿಯಾದಲ್ಲೇ ಶುರುವಾಗುತ್ತದೆ. ಅಲ್ಲಿನ ಮೂಲನಿವಾಸಿಗಳಿಗೆ ಈ ಎಲೆಯ ಗುಣ ಮೊದಲಿಂದಲೂ ಗೊತ್ತಿತ್ತು. 1850ರ ದಶಕದಲ್ಲಿ ಜೋಸೆಫ್ ಬೊಸಿಸ್ಟೊ ಎಂಬ ಔಷಧ ವ್ಯಾಪಾರಿ, ಸಸ್ಯವಿಜ್ಞಾನಿ ಫರ್ಡಿನಾಂಡ್ ಫಾನ್ ಮ್ಯೂಲರ್ ಕೊಟ್ಟ ಉತ್ತೇಜನದಿಂದ, ಮೆಲ್ಬರ್ನ್ ಬಳಿ ಎಲೆಯ ಎಣ್ಣೆಯನ್ನು ಮಾರಾಟಕ್ಕಾಗಿ ಭಟ್ಟಿ ಇಳಿಸತೊಡಗಿದ. ವಿಧಾನ ಸರಳ. ಹಂಡೆಯಲ್ಲಿ ಎಲೆ ತುಂಬಿ ಹಬೆ ಹಾಯಿಸಿದರೆ ಹಬೆಯ ಜೊತೆಗೇ ಎಣ್ಣೆಯೂ ಏಳುತ್ತದೆ. ಕೊಳವೆಯಲ್ಲಿ ಅದನ್ನು ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಊಟಿ, ಕೂನೂರಿನ ಸುತ್ತ ಸೌದೆಗೆಂದು ನೆಟ್ಟ ಮರಗಳ ಎಲೆಯಿಂದಲೂ ಹೀಗೇ ಎಣ್ಣೆ ತೆಗೆಯಲು ಕಲಿತರು. ನಮ್ಮ ಕಡೆಯವರು ಊಟಿ ಪ್ರವಾಸದಿಂದ ಚಹಾಪುಡಿ, ವರ್ಕಿಯ ಜೊತೆ ತಪ್ಪದೆ ತರುವ ಪುಟ್ಟ ಶೀಶೆ ಅದೇ.

ಫಿನಾಯಿಲ್ ಬಿಟ್ಟು ‘ಪ್ರಕೃತಿ’ಗೆ ಮರಳಿದೆವು ಎಂದು ನಾವು ಹೆಮ್ಮೆಪಡುತ್ತೇವಲ್ಲ, ಚರಿತ್ರೆಯಲ್ಲಿ ಈ ಎರಡೂ ಒಂದೇ ಆಸ್ಪತ್ರೆಯ ಅಂಗಳದಲ್ಲಿ ಎದುರಾಗುತ್ತವೆ. 1860ರ ದಶಕದಲ್ಲಿ ಜೋಸೆಫ್ ಲಿಸ್ಟರ್ ಗಾಯ ಕೊಳೆಯದಂತೆ ತಡೆಯಲು ಕಲ್ಲಿದ್ದಲ ಟಾರಿನಿಂದ ಬರುವ ಕಾರ್ಬಾಲಿಕ್ ಆಮ್ಲ ಬಳಸಿದ. ಕಪ್ಪು ಫಿನಾಯಿಲ್‌ಗೆ ಮೂಲವಾದದ್ದೂ ಅದೇ ಟಾರು. ಆದರೆ ಕಾರ್ಬಾಲಿಕ್ ಚರ್ಮವನ್ನು ಸುಡುತ್ತಿತ್ತು, ಮೈಗೆ ವಿಷವಾಗುತ್ತಿತ್ತು. ಬದಲಿ ಹುಡುಕುತ್ತಿದ್ದ ಲಿಸ್ಟರ್ 1880ರ ದಶಕದ ಹೊತ್ತಿಗೆ ನೀಲಗಿರಿ ಎಣ್ಣೆ ಸವರಿದ ಗಾಜ್ ಬಟ್ಟೆಯನ್ನೂ ಪ್ರಯೋಗಿಸಿ ನೋಡಿದ. ಅಡುಗೆಮನೆಗೆ ಬರುವ ಮೊದಲೇ ಈ ಎಣ್ಣೆ ಶಸ್ತ್ರಚಿಕಿತ್ಸೆಯ ಕೋಣೆ ನೋಡಿ ಬಂದಿತ್ತು.

ಹಾಗೆಂದು ನಮ್ಮ ಬಕೆಟ್ಟಿನ ಒಂದು ಚಮಚ ಎಣ್ಣೆ ರೋಗಾಣುಗಳನ್ನೆಲ್ಲ ಕೊಲ್ಲುತ್ತದೆ ಅಂದುಕೊಳ್ಳಬಾರದು. ಅಷ್ಟು ನೀರಿನಲ್ಲಿ ಅದರ ಬಲ ತೀರಾ ಕಡಿಮೆ. ಅದು ಜಿಡ್ಡು ಬಿಡಿಸುತ್ತದೆ, ಡಬ್ಬದ ಮೇಲಿನ ಸ್ಟಿಕ್ಕರಿನ ಅಂಟು ತೆಗೆಯುತ್ತದೆ, ಮಳೆಗಾಲದ ಮುಗ್ಗಲು ವಾಸನೆಯನ್ನು ಮರೆಸುತ್ತದೆ. ನೀರಿನಲ್ಲಿ ತಾನಾಗಿ ಬೆರೆಯುವುದಿಲ್ಲವಾದ್ದರಿಂದ ಅಂಟುವಾಳದ ನೊರೆಯೋ ಸೋಪಿನ ನೀರೋ ಬೇಕೇ ಬೇಕು. ಇಲ್ಲದಿದ್ದರೆ ಎಣ್ಣೆ ಮೇಲೆ ತೇಲಿ ಒಂದೇ ಕಡೆ ಮೆತ್ತಿಕೊಳ್ಳುತ್ತದೆ. ಶೀಶೆಯನ್ನು ಮಕ್ಕಳ ಕೈಗೆ ಎಟುಕದ ಹಾಗೆ ಇಡಬೇಕು. ಕುಡಿದರೆ ಸ್ವಲ್ಪ ಪ್ರಮಾಣವೂ ಅಪಾಯ. ಗಿಡದಿಂದ ಬಂದದ್ದೆಲ್ಲ ಮೆತ್ತಗಿರುವುದಿಲ್ಲ.

ಇನ್ನು ನಮ್ಮ ತೋಪಿನ ವಿಷಯ. ಬಯಲುಸೀಮೆಯ ನೀಲಗಿರಿ ಬೇರೆ ಜಾತಿ. ನಂದಿಬೆಟ್ಟದ ಮರಗಳ ಬೀಜದಿಂದ ಹರಡಿದ್ದು, ‘ಮೈಸೂರು ಗಮ್’ ಎಂದು ಅದರ ಹೆಸರು. ಅದನ್ನು ಬೆಳೆದದ್ದು ಎಣ್ಣೆಗಲ್ಲ, ಕಾಗದ ಮತ್ತು ರೇಯಾನಿನ ತಿರುಳಿಗೆ, ಕಟ್ಟಡದ ಗಳುಗಳಿಗೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ರಾಗಿ ಹೊಲಗಳಿಗೆ ಅದು ನುಗ್ಗಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಯ ನೀಲಗಿರಿ ಸಸಿಗಳನ್ನು ಕಿತ್ತೆಸೆದು ಅಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಅಂತರ್ಜಲದ ಕುರಿತು ವಾದವಿವಾದ ದಶಕಗಳ ಕಾಲ ನಡೆದು, ಕೊನೆಗೆ 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ನಮ್ಮ ಎರಡು ಎಕರೆಗೆ ಅಪ್ಪ ನೀಲಗಿರಿ ಹಾಕಿದ್ದು ನನಗೆ ಪುಣೆಯಲ್ಲಿ ಕೆಲಸ ಸಿಕ್ಕಿದ ವರ್ಷ. ರಾಗಿ ಹೊಲ ಅದು. ನಾನು ಬೇಡವೆಂದಾಗ ಅವರು, "ನೋಡ್ಕೊಳ್ಳೋರು ಯಾರಪ್ಪ? ಇದಾದ್ರೆ ದನ ಬಾಯಿ ಹಾಕಲ್ಲ, ಕಾವಲು ಬೇಡ, ಕಳೆ ಬೇಡ" ಅಂದಿದ್ದರು. ಊರಲ್ಲಿ ಹಾಗೆ ನೀಲಗಿರಿ ಹಾಕಿದವರಲ್ಲಿ ಹೆಚ್ಚಿನವರ ಮಕ್ಕಳು ಬೆಂಗಳೂರಿಗೋ ಇನ್ನೂ ಆಚೆಗೋ ಹೊರಟವರೇ. ಪತ್ರಿಕೆಗಳು ಮರವನ್ನು ಬೈದವು, ಸರ್ಕಾರವನ್ನು ಬೈದವು. ಬಿಟ್ಟುಹೋದವರ ಲೆಕ್ಕವನ್ನು ಯಾರೂ ಬರೆಯಲಿಲ್ಲ. ತೋಪಿನ ಪಕ್ಕದ ತೆರೆದ ಬಾವಿ ಈಗ ಒಣಗಿದೆ. ಅದಕ್ಕೆ ಸುತ್ತಲಿನ ಕೊಳವೆಬಾವಿಗಳ ಪಾಲೂ ಇದೆ, ಎಲ್ಲವನ್ನೂ ಮರದ ತಲೆಗೆ ಕಟ್ಟಲಾರೆ. ಆದರೆ ಆ ಬಾವಿಯಲ್ಲಿ ಈಜು ಕಲಿತವನು ನಾನು.

ಮೂರು ಸಲ ಕಟಾವಾಗಿದೆ. ಕಡಿದಷ್ಟೂ ಬುಡದಿಂದ ಚಿಗುರುತ್ತದೆ. ಅಪ್ಪ ಈಗಿಲ್ಲ. ಆವತ್ತು ನೆಲ ಒಣಗುವ ತನಕ ಕಾಲೆತ್ತಿಕೊಂಡೇ ಕೂತಿದ್ದ ಅಮ್ಮನಿಗೆ, ಬೇಸಿಗೆಯಲ್ಲಿ ಜೆಸಿಬಿ ತರಿಸಿ ಬುಡ ಕೀಳಿಸೋಣ, ಹುಣಸೆ, ಹೊಂಗೆ ಹಾಕೋಣ ಅಂದೆ.

"ಕೀಳಿಸೋದು ಸರಿ ಕಣೋ. ಸಸಿಗೆ ಎರಡು ವರ್ಷ ನೀರು ಹಾಕಿ ನೋಡ್ಕೊಳ್ಳೋರು ಯಾರು?" ಅಂದಳು.

ಅಪ್ಪ ಕೇಳಿದ್ದೂ ಅದನ್ನೇ. ಅವರ ಉತ್ತರ ಎರಡು ಎಕರೆಯಲ್ಲಿ ಚಿಗುರುತ್ತಲೇ ಇದೆ. ನನ್ನದು ಇನ್ನೂ ಬಾಕಿ. ಬಕೆಟ್ ಎತ್ತಿಕೊಂಡು ಹೋಗಿ ನೀರನ್ನು ಬಚ್ಚಲಿಗೆ ಚೆಲ್ಲಿದೆ.