ಹುತ್ತದ ಅಣಬೆಗೆ ಪುಸ್ತಕದ ಹೆಸರು ಬಂದಿದ್ದು ಯಾವಾಗ?

ಬಂಡೀಪುರದ ಕಥೆಗಳು | ಅಣಬೆ ಭಾಗ

1/5
ಚಳಿಗಾಲದಲ್ಲಿ ಬಂಡೀಪುರದ ಕಡೆ ಬಂದು "ಅಣಬೆ ಎಲ್ಲಿ?" ಅಂತ ಕೇಳಿದ್ರೆ ಊರೋರು ನಗ್ತಾರೆ. ಮಳೆ ಹೋದ ಮೇಲೆ ಮೆತ್ತನೆಯ ಕೊಡೆಗಳೂ ಹೋದವು. ಉಳಿಯೋದು ಒಣಮರಕ್ಕೆ ಅಂಟಿಕೊಂಡ ಗಟ್ಟಿ ಅಣಬೆಗಳು. ಹುಲಿ ಸಂರಕ್ಷಿತ ಪ್ರದೇಶದೊಳಗೆ ನಡೆದು ಸುತ್ತೋ ಹಾಗಿಲ್ಲ. ಆದ್ರೆ ಹಂಗಳ, ಗುಂಡ್ಲುಪೇಟೆ ಕಡೆ ಊರೋರ ಜೊತೆ ಹೊಲದ ಬದುವಿನಲ್ಲಿ ಹೋದಾಗ ಒಣಗಿದ ಮರದ ಬೊಡ್ಡೆ ನೋಡಿ. ಕಿತ್ತಳೆಗೆಂಪು ಬಣ್ಣ, ಅಡಿಯಲ್ಲಿ ಸೂಜಿ ಚುಚ್ಚಿದಂಥ ತೂತುಗಳಿದ್ರೆ ಬಹುಶಃ ಪಿಕ್ನೊಪೋರಸ್. ಬೂದುಬಿಳಿ ಪುಟ್ಟ ಬೀಸಣಿಗೆ, ಅಡಿಯ ಮಡಿಕೆಗಳು ಉದ್ದಕ್ಕೆ ಸೀಳಿದ್ರೆ ಸ್ಕಿಜೋಫಿಲಮ್.

2/5
ಇನ್ನೊಂದು ಅಣಬೆ ಈಗ ಕಣ್ಣಿಗೇ ಬೀಳಲ್ಲ. ಆದ್ರೆ ಅದರ ಮನೆ ಕಾಣುತ್ತೆ: ಹುತ್ತ! ಕೆಲವು ಜಾತಿಯ ಗೆದ್ದಲುಗಳು ಒಣ ಎಲೆ, ಕಟ್ಟಿಗೆ ತಿಂದು ತಂದು, ನೆಲದೊಳಗೆ ಅದರ ಮೇಲೆ ಶಿಲೀಂಧ್ರ ಬೆಳೆಸ್ತವೆ. ಸುಮಾರು 3 ಕೋಟಿ ವರ್ಷದಿಂದ ನಡೆದಿರೋ ವ್ಯವಸಾಯ ಇದು. ಮಳೆ ಬಿದ್ದಾಗ ಅದೇ ತೋಟದಿಂದ ಉದ್ದ ಬೇರಿನಂಥ ಕಾಂಡ ಮೇಲಕ್ಕೆ ಬಂದು ಕೊಡೆ ಬಿಚ್ಚುತ್ತೆ.

3/5
ಈಗ ಇಸವಿಗಳಿಗೆ ಬನ್ನಿ. ಲಿನ್ನೇಯಸ್‌ನ ಶಿಷ್ಯ ಯೋಹಾನ್ ಕೋನಿಗ್ ತಂಜಾವೂರು ಸೀಮೆಯಲ್ಲಿ ಗೆದ್ದಲ ಗೂಡು ನೋಡಿ, ಒಳಗಿನ ಶಿಲೀಂಧ್ರದ ಬಗ್ಗೆ 1779ರಲ್ಲಿ ಪ್ರಕಟಿಸಿದ. ಈ ಅಣಬೆಗಳದ್ದೇ ಬೇರೆ ಕುಲ ಅಂತ ಫ್ರಾನ್ಸಿನ ರೋಜರ್ ಹೈಮ್ 'ಟರ್ಮಿಟೊಮೈಸಿಸ್' ಎಂದು ಹೆಸರಿಟ್ಟಿದ್ದು 1942ರಲ್ಲಿ. 1979ರಲ್ಲಿ ಮದರಾಸು ವಿಶ್ವವಿದ್ಯಾಲಯದ ಕೆ. ನಟರಾಜನ್ ದಕ್ಷಿಣ ಭಾರತದ ಒಂದು ಜಾತಿಗೆ ಹೈಮ್ ಅವರ ಹೆಸರನ್ನೇ ಇಟ್ಟರು: ಟರ್ಮಿಟೊಮೈಸಿಸ್ ಹೈಮಿಯೈ.

ಆ ಗ್ರೀಕ್-ಲ್ಯಾಟಿನ್ ಹೆಸರಿನ ಅರ್ಥ ಗೊತ್ತಾ? 'ಗೆದ್ದಲಿನ ಅಣಬೆ'. ನಮ್ಮ ಅಜ್ಜಿಯರು 'ಹುತ್ತದ ಅಣಬೆ' ಅಂದಿದ್ದೂ ಅದನ್ನೇ ತಾನೆ?

4/5
ಆದ್ರೆ ಈ ತಿಳಿವಳಿಕೆ ಪುಸ್ತಕದಲ್ಲಿರಲಿಲ್ಲ, ಜಾಗದಲ್ಲಿತ್ತು. ಯಾವ ಹುತ್ತ, ಯಾವ ಮಳೆ, ಎಷ್ಟು ದಿನ ಅನ್ನೋದು ಜೊತೆಗೆ ನಡೆದೇ ಕಲಿಯೋ ವಿದ್ಯೆ. ಬಂಡೀಪುರದಲ್ಲಿ 1931ರಲ್ಲಿ 90 ಚದರ ಕಿ.ಮೀ. ಕಾಡು ಅಭಯಾರಣ್ಯವಾಯ್ತು, 1941ರಲ್ಲಿ ಅದು ದೊಡ್ಡದಾಗಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯ್ತು, 1973ರಲ್ಲಿ ಹುಲಿ ಯೋಜನೆ ಬಂತು. ಹುಲಿ ಉಳಿಯಿತು, ಅದು ದೊಡ್ಡ ಮಾತು. ಆದರೆ ಕಾಡೊಳಗಿದ್ದ ಜೇನುಕುರುಬ, ಸೋಲಿಗ ಕುಟುಂಬಗಳು ಕಾಡಂಚಿಗೆ ಬಂದವು. ಕಿರು ಅರಣ್ಯ ಉತ್ಪನ್ನ ಸಂಗ್ರಹಿಸೋ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಒಪ್ಪಿಕೊಳ್ಳುತ್ತೆ. ಆದರೆ ಅಜ್ಜಿಯ ಹುತ್ತ ಗಡಿಯ ಆಚೆ ಉಳಿದು, ಮೊಮ್ಮಗಳು ಈಚೆ ಬೆಳೆದರೆ, ಅದನ್ನು ತೋರಿಸಿಕೊಡೋದು ಯಾರು?

5/5
ಈ ಪೋಸ್ಟ್ ಅಥವಾ ಯಾವುದೇ ಆ್ಯಪ್ ನೋಡಿ ಅಣಬೆ ತಿನ್ನಬೇಡಿ, ಪ್ಲೀಸ್. ಹುಲ್ಲುಹಾಸಿನಲ್ಲಿ ಏಳೋ ಕ್ಲೋರೊಫಿಲಮ್ ನೋಡೋಕೆ ಥೇಟ್ ತಿನ್ನೋ ಅಣಬೆ. ಅದರ ಬೀಜಕಣ ಹಸಿರು, ತಿಂದ್ರೆ ವಾಂತಿ-ಭೇದಿ. ಕೆಲವು ಅಮಾನಿಟಾ ತಿಂದ್ರೆ 6ರಿಂದ 12 ಗಂಟೆ ಏನೂ ಆಗದೆ ಇದ್ದು, ಆಮೇಲೆ ಲಿವರ್ ಹಾಳಾಗುತ್ತೆ. ಬೆಳ್ಳಿ ನಾಣ್ಯ ಕಪ್ಪಾದ್ರೆ ವಿಷ ಅನ್ನೋದು ಸುಳ್ಳು.

ತಿನ್ನೋ ಬದಲು ಒಂದು ಕೆಲಸ ಮಾಡಿ. ಮನೆಯ ಹಿರಿಯರನ್ನು ಕೇಳಿ: ಹುತ್ತದ ಅಣಬೆಗೆ ನಿಮ್ಮಲ್ಲಿ ಏನಂತಾರೆ, ಯಾವ ಮಳೆಗೆ ಏಳುತ್ತೆ? ಊರಿನ ಹೆಸರಿನ ಜೊತೆ ಕಾಮೆಂಟಲ್ಲಿ ಬರೀರಿ. ಆದ್ರೆ ಹುತ್ತದ ಜಾಗ ಮಾತ್ರ ಹೇಳಬೇಡಿ, ಅದು ಅಜ್ಜಿಯ ಗುಟ್ಟು!