ವಯಸ್ಕರ ಗಮನ ಕೊರತೆ: ಉತ್ತೇಜಕ ಔಷಧಿಗಳ ಅಡ್ಡ ಪರಿಣಾಮದ ಇತಿಹಾಸ

ಎಡಿಎಚ್‌ಡಿ ಎಂದು ಕರೆಯುವ ಗಮನ ಕೊರತೆಗೆ ಉತ್ತೇಜಕ ಔಷಧಿಯನ್ನು ಮೊದಲು ಕೊಟ್ಟದ್ದು ಮಕ್ಕಳಿಗೆ. 1937ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬ್ರಾಡ್ಲಿ ಬೆಂಜೆಡ್ರಿನ್ ಎಂಬ ಆಂಫೆಟಮಿನ್ ಔಷಧಿಯ ಪ್ರಯೋಗದ ವರದಿ ಪ್ರಕಟಿಸಿದ. 1944ರಲ್ಲಿ ಸ್ವಿಸ್ ಕಂಪನಿ ಸಿಬಾದ ಲಿಯಾಂಡ್ರೊ ಪಾನಿಝಾನ್ ಮೀಥೈಲ್‌ಫೆನಿಡೇಟ್ ತಯಾರಿಸಿದ. ಹೆಂಡತಿ ರೀಟಾಳ ಹೆಸರಿನಿಂದ ಅದು ರಿಟಾಲಿನ್ ಆಯಿತು. ರಕ್ತದೊತ್ತಡ ಕಡಿಮೆಯಿದ್ದ ಆಕೆ ಟೆನಿಸ್ ಆಡುವ ಮುನ್ನ ಅದನ್ನು ನುಂಗುತ್ತಿದ್ದಳಂತೆ. ಮುಂದೆ ವೈದ್ಯರನ್ನು ಕಾಡಿದ, ರಕ್ತದೊತ್ತಡ ಏರಿಸುವ ಗುಣವೇ ಆಕೆಗೆ ಬೇಕಾಗಿತ್ತು.

ದೊಡ್ಡವರಲ್ಲೂ ಈ ತೊಂದರೆ ಉಳಿಯುತ್ತದೆಂದು ಮನೋವೈದ್ಯ ಪಾಲ್ ವೆಂಡರ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದರು. 1980ರ ಅಮೆರಿಕದ ರೋಗನಿರ್ಣಯ ಕೈಪಿಡಿಯೂ ಅದಕ್ಕೆ ಜಾಗ ಕೊಟ್ಟಿತು. ಅಲ್ಲಿಂದ ಲೆಕ್ಕವೇ ಬದಲಾಯಿತು. ಮಕ್ಕಳಲ್ಲಿ ಎತ್ತರ, ತೂಕದ ಚಿಂತೆ; ನಲವತ್ತರವರಲ್ಲಿ ಬಿಪಿ, ಎದೆಬಡಿತದ ಚಿಂತೆ. ಸರಾಸರಿ ಏರಿಕೆ ಸಣ್ಣದು: ರಕ್ತದೊತ್ತಡ 2ರಿಂದ 4 ಮಿ.ಮೀ., ನಾಡಿ ನಿಮಿಷಕ್ಕೆ 3ರಿಂದ 6 ಬಡಿತ. ಆದರೆ ಸರಾಸರಿಯನ್ನು ನಂಬಿ ಕೂರುವಂತಿಲ್ಲ, ಕೆಲವರಲ್ಲಿ ಅದು ಬಹಳ ಹೆಚ್ಚು. 2011ರ ಅಮೆರಿಕದ ದೊಡ್ಡ ಅಧ್ಯಯನದಲ್ಲಿ 25–64 ವಯಸ್ಸಿನವರಿಗೆ ಹೃದಯಾಘಾತದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. 2023ರಲ್ಲಿ ಸ್ವೀಡನ್ನಿನ ಸಂಶೋಧಕರು ವರ್ಷಗಟ್ಟಲೆ ಔಷಧಿ ತೆಗೆದುಕೊಂಡವರಲ್ಲಿ ಅಧಿಕ ರಕ್ತದೊತ್ತಡ, ರಕ್ತನಾಳದ ಕಾಯಿಲೆ ಹೆಚ್ಚೆಂದರು. ಎರಡೂ ಸರಿಯಿರಬಹುದು, ಕೇಳಿದ ಪ್ರಶ್ನೆಗಳೇ ಬೇರೆ.

ರೋಗಿಗಳು ಹೇಳುವುದು ಹೆಚ್ಚಾಗಿ ಬೇರೆಯದನ್ನೇ: ಮಧ್ಯಾಹ್ನ ರೊಟ್ಟಿ ಸೇರುವುದಿಲ್ಲ, ಬಾಯಿ ಒಣಗುತ್ತದೆ, ರಾತ್ರಿ ನಿದ್ದೆಯಿಲ್ಲ, ಗುಳಿಗೆಯ ಪ್ರಭಾವ ಇಳಿಯುವ ಸಂಜೆ ಹೊತ್ತಿಗೆ ಸಿಡುಕು. ಕಳವಳ ಹೆಚ್ಚಬಹುದು, ಭ್ರಮೆ ಅಪರೂಪ, ಬಂದರೆ ಔಷಧಿ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮೇಲಿಂದ ಮೇಲೆ ಚಹಾ, ಜೊತೆಗೆ ತಂಬಾಕು ಇದ್ದರೆ ಎದೆಬಡಿತ ಇನ್ನಷ್ಟು ಏರುತ್ತದೆ. ಹುಳಿ ಪದಾರ್ಥ ಔಷಧಿಯ ಬಲ ತಗ್ಗಿಸುತ್ತದೆಂಬ ಎಚ್ಚರಿಕೆ ಆಂಫೆಟಮಿನ್‌ಗೆ ಸಂಬಂಧಿಸಿದ್ದು. ಭಾರತದಲ್ಲಿ ಎಡಿಎಚ್‌ಡಿಗೆ ಬಳಸುವ ಉತ್ತೇಜಕ ಮೀಥೈಲ್‌ಫೆನಿಡೇಟ್. ಹಾಗಾಗಿ ಲಿಂಬೆಗೆ ಹೆಸರಾದ ವಿಜಯಪುರ ಜಿಲ್ಲೆಯ ಇಂಡಿಯವರು ತಮ್ಮ ಲಿಂಬೆಹಣ್ಣು ಬಿಡಬೇಕಾಗಿಲ್ಲ.

ಮೀಥೈಲ್‌ಫೆನಿಡೇಟ್ 1985ರ ಮಾದಕವಸ್ತು ಕಾಯ್ದೆಯಡಿ ಬರುವುದರಿಂದ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಉತ್ತೇಜಕವಲ್ಲದ ಅಟೊಮಾಕ್ಸೆಟಿನ್ ಇನ್ನೊಂದು ದಾರಿ. ಅದೂ ಬಿಪಿ ಏರಿಸಬಲ್ಲದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರು ಮನೋವೈದ್ಯರಿಗಾಗಿ ವಿಜಯಪುರಕ್ಕೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಹೋಗಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ. ಗುಳಿಗೆ ಬರೆದುಕೊಡುವವರು ದೂರವಿದ್ದರೂ ಡೋಸ್ ಏರಿಸಿದಾಗಲೆಲ್ಲ ಬಿಪಿ, ನಾಡಿ, ತೂಕ ನೋಡಿ ಬರೆದಿಡುವ ಕೆಲಸ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುವಂಥದ್ದು.